ಫುಲ್ ಟವರ್ ಆಸೆಗೆ ಬೂಸ್ಟರ್ ಹಾಕಿ ಕೆಟ್ಟೆ

ಗಂಗಾವತಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲೂ ಒಳಗೆ ಬರಲ್ಲ, ಸಿಗ್ನಲ್ಲೂ ಬರಲ್ಲ. ಮಾತಾಡಬೇಕಂದ್ರೆ ಹೊರಗಿನ ಕಟ್ಟೆಗೇ ಬರಬೇಕು.

ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಮೊಬೈಲ್ ಸಿಗ್ನಲ್ ಬೂಸ್ಟರ್ ತರಿಸಿದೆ. 4,500 ರೂಪಾಯಿ. ಡಬ್ಬಿ ಮೇಲೆ ಕಂಪನಿ ಹೆಸರಿಲ್ಲ, ಬಿಲ್ಲೂ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು. ಮಾಳಿಗೆ ಮೇಲೊಂದು ಆಂಟೆನಾ, ಪಡಸಾಲೆಯಲ್ಲೊಂದು, ನಡುವೆ ಡಬ್ಬಿ. ಹಚ್ಚಿದ ಕೂಡಲೇ ಫುಲ್ ಟವರ್! ಅವ್ವ ಅಡುಗೆ ಮನೆಯಲ್ಲೇ ನಿಂತು ಅಕ್ಕನ ಜೊತೆ ಅರ್ಧ ತಾಸು ಮಾತಾಡಿದಳು.

ನಾಲ್ಕು ದಿನ ಆಗಿರಬೇಕು, ಎದುರಿನ ಕಿರಾಣಿ ಅಂಗಡಿ ಅಕ್ಕ ಕರೆದಳು. "ತಮ್ಮಾ, ಈ ಸೌಂಡ್ ಬಾಕ್ಸ್ ಬಾಯೇ ಬಿಡವಲ್ದು ನೋಡು. ರೊಕ್ಕ ಬಂತೋ ಇಲ್ಲೋ ಗೊತ್ತಾಗವಲ್ದು." ನಾನು "ನೀನೂ ಒಂದು ಬೂಸ್ಟರ್ ಹಾಕಿಸಕ್ಕ" ಅಂತ ಸಲಹೆ ಬೇರೆ ಕೊಟ್ಟೆ.

ಮುಂದಿನ ವಾರ ಸಿಗ್ನಲ್ ತೊಂದರೆ ಎಲ್ಲಿಂದ ಅಂತ ಹುಡುಕುತ್ತಾ ಇಬ್ಬರು ಹುಡುಗರು ಹಳೇ ಟಿವಿ ಏರಿಯಲ್ ಥರದ್ದೊಂದನ್ನು ಕೈಯಲ್ಲಿ ಹಿಡಿದು ಓಣಿ ತುಂಬ ತಿರುಗಿದರು. ನಮ್ಮ ಬಾಗಿಲಿಗೆ ಬಂದು ನಿಂತರು. "ಸರ, ಮಾಳಿಗಿ ಮ್ಯಾಲೆ ಏನೈತ್ರಿ?"

ಅವರು ಹೇಳಿದ ಮೇಲೇ ತಿಳಿದದ್ದು. ಫೋನಿನ ಕಡ್ಡಿ ತೋರಿಸೋದು ಟವರ್‌ನಿಂದ ನಮಗೆ ಬರುವ ಸಿಗ್ನಲ್ ಮಾತ್ರ. ನಮ್ಮಿಂದ ಟವರ್‌ಗೆ ಏನು ಹೋಗ್ತಿದೆ ಅನ್ನೋದು ಅಲ್ಲಿ ಕಾಣಲ್ಲ. ಬೂಸ್ಟರ್ ಎರಡೂ ಕಡೆ ಕೂಗುತ್ತದೆ, ಬೇಡದ ಗದ್ದಲವನ್ನೂ ಸೇರಿಸಿ ಕೂಗುತ್ತದೆ. ಜೊತೆಗೆ ನನ್ನ ಎರಡು ಆಂಟೆನಾಗಳ ನಡುವೆ ಹತ್ತಡಿಯೂ ಇರಲಿಲ್ಲ. ಒಳಗಿನದು ಬಿಟ್ಟ ಸಿಗ್ನಲ್ಲನ್ನು ಹೊರಗಿನದು ಹಿಡಿದು ಮತ್ತೆ ಒಳಗೆ ಕಳಿಸುತ್ತಿತ್ತು. ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕುಂಯ್ ಅನ್ನುತ್ತಲ್ಲ, ಅದೇ. ಆ ಗದ್ದಲದಲ್ಲಿ ಓಣಿಯವರ ಫೋನುಗಳ, ಅಂಗಡಿಯ ಸೌಂಡ್ ಬಾಕ್ಸಿನ ಸಣ್ಣ ದನಿ ಟವರ್‌ಗೆ ಕೇಳಿಸಲೇ ಇಲ್ಲ.

ಕಾನೂನಿನ ಮಾತು ಬಂದಾಗ ಕೈಕಾಲು ತಣ್ಣಗಾಯಿತು. ಮೊಬೈಲ್ ಕಂಪನಿಗಳು ದುಡ್ಡು ಕೊಟ್ಟು ಹಿಡಿದ ತರಂಗದ ಮೇಲೆ ನಾವು ರಿಪೀಟರ್, ಅಂದ್ರೆ ಇಂಥ ಬೂಸ್ಟರ್, ಹಾಕುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳೋದೇ ತಪ್ಪು ಅಂತ 1933ರಲ್ಲೇ ಕಾಯ್ದೆ ಬಂದಿತ್ತು. 2023ರ ಟೆಲಿಕಾಂ ಕಾಯ್ದೆಯಲ್ಲೂ ಅನುಮತಿ ಬೇಕೇ ಬೇಕು. ಬರೆದುಕೊಟ್ಟು, ಡಬ್ಬಿ ಒಪ್ಪಿಸಿ ಪಾರಾದೆ. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ.

ವೈಫೈಗೆ ಈ ಲೈಸೆನ್ಸ್ ಗೊಡವೆ ಇಲ್ಲ. ಹಾಗಾಗಿ ಫೈಬರ್ ಹಾಕಿಸಿದೆ. ಅಲ್ಲೂ ಎಡವಿದೆ ಅನ್ನಿ. ಹಿಂದಿನ ಕೋಣೆಗೆ ನೆಟ್ ಬರಲ್ಲ ಅಂತ ವೈಫೈ ರಿಪೀಟರ್ ತಂದು ಆ ಕೋಣೆಯಲ್ಲೇ ಹಾಕಿದೆ. ಅದಕ್ಕೇ ಸರಿಯಾಗಿ ಸಿಗ್ನಲ್ ಸಿಗದಿದ್ದರೆ ಅದು ಮುಂದಕ್ಕೆ ಏನು ಕೊಡುತ್ತೆ? ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುಮನೆಗೆ ತಂದಿಟ್ಟೆ. ಬಂತು, ಆದರೆ ಸ್ಪೀಡ್ ಅರ್ಧಕ್ಕೆ ಇಳಿಯಿತು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಬೇಕು, ಅದರಲ್ಲೇ ಹೇಳಬೇಕು. ಕೊನೆಗೆ ಗೋಡೆ ಕೊರೆಸಿ ಲ್ಯಾನ್ ಕೇಬಲ್ ಎಳೆದು, ಹಿಂದೆ ಇನ್ನೊಂದು ರೂಟರ್ ಇಟ್ಟೆ. ಫೋನ್ ಸೆಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದೆ. ಈಗ ಟವರ್ ಇಲ್ಲದಿದ್ದರೂ ಕಾಲ್ ಬರುತ್ತದೆ. ಇದು ಮೊದಲೇ ಫೋನಿನಲ್ಲಿತ್ತು, ಅದಕ್ಕೆ ಪೈಸೆ ಖರ್ಚಿಲ್ಲ.

ಸೌಂಡ್ ಬಾಕ್ಸ್ ಸ್ವಲ್ಪ ತಡ ಮಾಡಿದರೂ ಅಕ್ಕ ಈಗಲೂ ಮೊದಲು ನೋಡೋದು ನಮ್ಮ ಮಾಳಿಗೆ ಕಡೆ.