ಮನೆತನಕ್ಕೆ ರಾಜಲಾಂಛನ ಹುಡುಕಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ

ಕುಟುಂಬದ ಸಂಘ ಕಟ್ಟಿಕೊಂಡವರು ಯಾರೇ ಇರಲಿ, ಲಾಂಛನಕ್ಕಾಗಿ ಮುಂಗಡ ಕೊಡುವ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ದಯವಿಟ್ಟು ಓದಿ.

ನಮ್ಮದು ಧಾರವಾಡದ ಕಡೆಯ ಒಕ್ಕಲುತನದ ಮನೆ. ಊರೂರಿಗೆ ಚದುರಿದ ಅಣ್ಣತಮ್ಮಂದಿರ ಮಕ್ಕಳೆಲ್ಲ ಸೇರಿ ಸಂಘ ಮಾಡಿದೆವು. ಮೊದಲ ಸಮಾವೇಶಕ್ಕೆ ಒಂದು ಲಾಂಛನ ಬೇಕೆನಿಸಿತು. ವಂಶ ಸಂಶೋಧನೆ ಮಾಡುತ್ತೇವೆಂದು ಹೇಳಿಕೊಳ್ಳುವ ಒಂದು ಸಂಸ್ಥೆ ಅಡ್ಡಹೆಸರು, ಗೋತ್ರ ಎರಡನ್ನೇ ಕೇಳಿ, 40,000 ರೂಪಾಯಿ ಪಡೆದು, ಮೂರು ವಾರದಲ್ಲಿ ಚೌಕಟ್ಟು ಹಾಕಿದ ಫಲಕವನ್ನು ಕಳಿಸಿತು. ಗುರಾಣಿಯ ನಡುವೆ ವರಾಹ, ಮೇಲೆ ಗಂಡಭೇರುಂಡ, ಅದರ ನೆತ್ತಿಯ ಮೇಲೆ ಯುರೋಪಿನ ಸರದಾರರ ಕಬ್ಬಿಣದ ಶಿರಸ್ತ್ರಾಣ. ಜೊತೆಗೆ ನಾವು ಬಾದಾಮಿ ಚಾಲುಕ್ಯರ ವಂಶದವರೆಂಬ ಪ್ರಮಾಣಪತ್ರ, ಅದಕ್ಕೆ ಆಧಾರವೆಂದು 7ನೆಯ ಶತಮಾನದ ತಾಮ್ರಪಟವೊಂದರ ಫೋಟೊ.

ದೊಡ್ಡವ್ವ ಕನ್ನಡಕ ಏರಿಸಿಕೊಂಡು ಆ ಫೋಟೊವನ್ನು ಬೆಳಕಿಗೆ ಹಿಡಿದು, ಒಂದಕ್ಷರವೂ ತಡವರಿಸದೆ ಓದಿದರು. ಎಲ್ಲರ ಕಣ್ಣಲ್ಲೂ ನೀರು. ಶಾಸನ ಓದಲು ಬಲ್ಲ ನಿವೃತ್ತ ಮೇಷ್ಟ್ರೊಬ್ಬರಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ. ಅವರು ಫೋಟೊ ನೋಡುವ ಮೊದಲೇ, "ದೊಡ್ಡವ್ವ ಓದಿದರು ಅಂದರೆ ಅದು ನಕಲಿ" ಎಂದುಬಿಟ್ಟರು. ಆ ಕಾಲದ ಲಿಪಿ ತರಬೇತಿ ಇಲ್ಲದವರ ಕಣ್ಣಿಗೆ ಹತ್ತುವುದೇ ಇಲ್ಲ. ಬಾದಾಮಿ ಚಾಲುಕ್ಯರ ತಾಮ್ರಪಟಗಳ ಭಾಷೆಯೂ ಬಹುಪಾಲು ಸಂಸ್ಕೃತ. ನಮ್ಮದರಲ್ಲಿದ್ದದ್ದು ಶಾಲೆಯ ಪಠ್ಯಪುಸ್ತಕದ ಕನ್ನಡ.

ವರಾಹದ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ತಾಮ್ರದ ಹಲಗೆಗಳನ್ನು ಪೋಣಿಸಿದ ಬಳೆಯ ಮುದ್ರೆಯ ಮೇಲೆ ಲಾಂಛನ ಒತ್ತಿರುತ್ತಿತ್ತು. ಅದು ಅರಸನ ಅಧಿಕಾರದ ಗುರುತು, ಇಂದಿನ ಸರ್ಕಾರಿ ಮೊಹರಿನ ಹಾಗೆ. ನಾರಾಯಣನ ಅನುಗ್ರಹದಿಂದ ವರಾಹ ಲಾಂಛನ ದೊರೆಯಿತೆಂದು ಚಾಲುಕ್ಯರು ತಮ್ಮ ಶಾಸನಗಳಲ್ಲಿ ಹೇಳಿಕೊಂಡರು. ಮುಂದೆ ವಿಜಯನಗರದ ಅರಸರೂ ಅದೇ ವರಾಹವನ್ನು ಇಟ್ಟುಕೊಂಡರು. ಕದಂಬರದು ಸಿಂಹ, ಗಂಗರದು ಆನೆ, ರಾಷ್ಟ್ರಕೂಟರದು ಗರುಡ. ಅಡ್ಡಹೆಸರು ನೋಡಿ ಇವುಗಳಲ್ಲಿ ಒಂದನ್ನು ಹಂಚಿಕೊಡಲು ಯಾರಿಗೂ ಬರುವುದಿಲ್ಲ. ಆ ಗುರಾಣಿ, ಶಿರಸ್ತ್ರಾಣಗಳ ಪದ್ಧತಿ ಹುಟ್ಟಿದ ಯುರೋಪಿನ ಕಡೆಯೂ ಅದು ಸಲ್ಲುವುದಿಲ್ಲ. ಲಾಂಛನಗಳನ್ನು ಕೊಡುವ, ದಾಖಲಿಸಿಡುವ ಸಂಸ್ಥೆ, 1484ರಲ್ಲಿ ಸ್ಥಾಪನೆಯಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್, ಇಂದಿಗೂ ಹೇಳುವುದು ಇದನ್ನೇ: ಲಾಂಛನ ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಅವನ ಸಂತತಿಗೆ ಸಲ್ಲುವುದು, ಅಡ್ಡಹೆಸರಿಗೆ ಲಾಂಛನವಿಲ್ಲ.

ಗಂಡಭೇರುಂಡವನ್ನಂತೂ ನಮ್ಮ ರಾಜ್ಯಲಾಂಛನದಿಂದ ಗೆರೆಗೆ ಗೆರೆ ಎತ್ತಿದ್ದರು. ಕೆಂಪು ಗುರಾಣಿಯ ಮೇಲೆ ಬಿಳಿಯ ಎರಡು ತಲೆಯ ಹಕ್ಕಿ, ಪಕ್ಕದಲ್ಲಿ ಶರಭಗಳು, ಎಲ್ಲವೂ ಅದೇ. ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು ತಡೆಯುವ ಕಾಯ್ದೆ 1950ರಿಂದಲೇ ಇದೆ. ಆ ಚಿತ್ರವಿದ್ದ ಅಂಗಿಗಳನ್ನು ಸಮಾವೇಶದಲ್ಲಿ ಮಾರಲು ನಾವು ಹೊರಟಿದ್ದೆವು! ಹಣ ಹಿಂದಿರುಗಿಸಿ ಎಂದು ಕೇಳಿದಾಗ, "ಇದು ಕಲಾತ್ಮಕ ಕಲ್ಪನೆ" ಎಂದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದನ್ನು ತೋರಿಸಿದರು. ನೀವಾದರೂ ಮೊದಲೇ ಆ ಬದಿಯನ್ನು ಓದಿಕೊಳ್ಳಿ. ತಾಮ್ರಪಟ ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ, ಯಾವ ಶಾಸನ ಸಂಪುಟದಲ್ಲಿ ಅಚ್ಚಾಗಿದೆ ಎಂದು ಬರವಣಿಗೆಯಲ್ಲಿ ಕೇಳಿ. ಮೈಸೂರಿನಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗವಿದೆ, ಬಲ್ಲವರು ಅಲ್ಲಿದ್ದಾರೆ.

ಹಣ ಹೋದದ್ದಕ್ಕಿಂತ ನನ್ನನ್ನು ಸುಡುವುದು ಬೇರೆಯೇ. ಫಲಕ ಬಂದ ವರ್ಷವೇ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ, ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದಿದ್ದರು. ಅವರ ಅಜ್ಜ, ಮುತ್ತಜ್ಜ ನಮ್ಮ ಮನೆತನದ ಹೆಸರುಗಳನ್ನು ಬರೆದಿಟ್ಟುಕೊಂಡು ಬಂದವರು. ಹಿಂದೆಲ್ಲ ಕಟ್ಟೆಯ ಮೇಲೆ ಕಂಬಳಿ ಹಾಸಿ, ಕೂಡಿಸಿ, ವಂಶಾವಳಿ ಓದಿಸಿ, ಕಾಳು, ಬಟ್ಟೆ ಕೊಟ್ಟು ಕಳಿಸುತ್ತಿದ್ದೆವು. ಆ ವರ್ಷ "ನಮ್ಮದು ಅರಸರ ವಂಶ, ಪ್ರಮಾಣಪತ್ರವಿದೆ" ಎಂದು ಹೊಸ್ತಿಲಿನಿಂದಲೇ ಕಳಿಸಿಬಿಟ್ಟೆವು.

ಈ ಸಲ ನಾವೇ ಅವರ ಊರಿಗೆ ಹೋಗಿ ಕರೆದುಕೊಂಡು ಬಂದೆವು. ಅವರ ಹೊತ್ತಿಗೆಯಲ್ಲಿ ಏಳು ತಲೆಮಾರಿನ ಹಿಂದಿನ ಹಿರಿಯರೊಬ್ಬರು ಬರಗಾಲದಲ್ಲಿ ಊರು ಬಿಟ್ಟು, ಒಂದು ಜೊತೆ ಎತ್ತಿನೊಂದಿಗೆ ಇಲ್ಲಿಗೆ ಬಂದದ್ದು ಬರೆದಿದೆ. ಸಂಘದ ಕಾಗದದ ಮೇಲೆ ಈಗ ಎರಡು ಎತ್ತು, ಒಂದು ನೊಗ. ಚಿತ್ರ ಬರೆದದ್ದು ದೊಡ್ಡವ್ವನ ಮೊಮ್ಮಗಳು.