ಜಿಂಪಿ-ಜಿಂಪಿ ಬೆಳೆಯುವ ಕಾಡಿನಲ್ಲೊಂದು ನಡಿಗೆ: ವಿವರಣೆ ಉತ್ತಮ, ಸಿದ್ಧತೆ ಸಾಲದು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡಿನಲ್ಲಿ ಮಾರ್ಗದರ್ಶಿಯೊಬ್ಬರ ಜೊತೆ ಕೈಗೊಂಡ ಅರ್ಧ ದಿನದ ನಡಿಗೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಜಿಂಪಿ-ಜಿಂಪಿ ಗಿಡದ ಕುರಿತ ವಿವರಣೆ. ಹೃದಯಾಕಾರದ ಅದರ ಎಲೆಗಳು ನೋಡಲು ಮೃದುವಾಗಿದ್ದು ಮುಟ್ಟುವ ಆಸೆ ಹುಟ್ಟಿಸುತ್ತವೆಯಾದರೂ, ಅವುಗಳ ಮೇಲಿನ ಸಿಲಿಕಾದ ಟೊಳ್ಳು ರೋಮಗಳು ಚರ್ಮದೊಳಗೆ ಮುರಿದು ವಿಷ ಸೇರಿಸುತ್ತವೆಂದೂ, ಆ ನೋವು ತಿಂಗಳುಗಟ್ಟಲೆ ಮರುಕಳಿಸಬಹುದೆಂದೂ, 2020ರಲ್ಲಿ ಗುರುತಿಸಲಾದ ವಿಷದ ಪೆಪ್ಟೈಡ್‌ಗಳ (ಪುಟ್ಟ ಪ್ರೋಟೀನ್‌ನಂಥ ಅಣುಗಳ) ರಚನೆ ಜೇಡದ ವಿಷವನ್ನು ಹೋಲುತ್ತದೆಂದೂ ಅವರು ತಿಳಿಸಿದರು. ಒಣಗಿದ ಎಲೆಯೂ ಅಪಾಯಕಾರಿಯೇ. ತಾಗಿದ ಜಾಗವನ್ನು ಉಜ್ಜದೆ, ಕೂದಲು ತೆಗೆಯುವ ಮೇಣದ ಪಟ್ಟಿಯಿಂದ ರೋಮಗಳನ್ನು ಕೀಳಬೇಕಂತೆ. ವಿಚಿತ್ರವೆಂದರೆ, ಆ ಪಟ್ಟಿ ಅವರ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲೇ ಇರಲಿಲ್ಲ. ಬಿಸಿಲು ಬೀಳುವ ದಾರಿಯಂಚಿನಲ್ಲೇ ಈ ಗಿಡ ಹೆಚ್ಚಾಗಿ ಬೆಳೆಯುವುದರಿಂದ, ತುಂಬುತೋಳಿನ ಅಂಗಿ ಧರಿಸಿ ಬರುವಂತೆ ಬುಕಿಂಗ್ ಸಮಯದಲ್ಲೇ ಸೂಚಿಸಬೇಕಿತ್ತು.