ಸ್ಪೈರೋಗ್ರಾಫ್: ಮ.ಸಾ.ಅ. ಕಣ್ಣಿಗೆ ಕಾಣುವ ಆಟಿಕೆ

ಬ್ರಿಟಿಷ್ ಎಂಜಿನಿಯರ್ ಡೆನಿಸ್ ಫಿಶರ್ 1965ರಲ್ಲಿ ಹೊರತಂದ ಸ್ಪೈರೋಗ್ರಾಫ್ ಇವತ್ತಿಗೂ ಚಿತ್ರ ಬಿಡಿಸುವ ಆಟಿಕೆಯೆಂದೇ ಮಾರಾಟವಾಗುತ್ತದೆ. ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ., ಅಂದರೆ ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಲಿಸುವವರ ಮೇಜಿನ ಮೇಲೂ ಇದು ಇರಲೇಬೇಕು.

ಮೂಲ ಸೆಟ್‌ನ ಎರಡು ಬಳೆಗಳ ಒಳಸುತ್ತಿನಲ್ಲಿ 96 ಮತ್ತು 105 ಹಲ್ಲುಗಳಿವೆ. ಬಳೆಯೊಳಗೆ ಹಲ್ಲಿರುವ ಚಕ್ರವಿಟ್ಟು, ಚಕ್ರದ ತೂತಿಗೆ ಪೆನ್ನು ತೂರಿಸಿ ಉರುಳಿಸಿದರೆ ಎಸಳುಗಳ ಹೂವು ಮೂಡುತ್ತದೆ. ಬಳೆಯ ಹಲ್ಲುಗಳನ್ನು ಬಳೆ, ಚಕ್ರ ಎರಡರ ಹಲ್ಲುಗಳ ಮ.ಸಾ.ಅ.ದಿಂದ ಭಾಗಿಸಿದರೆ ಎಸಳುಗಳ ಸಂಖ್ಯೆ ಸಿಗುತ್ತದೆ. ಚಕ್ರದ ಹಲ್ಲುಗಳನ್ನು ಅದರಿಂದಲೇ ಭಾಗಿಸಿದರೆ, ಗೆರೆ ಹೊರಟಲ್ಲಿಗೇ ಬಂದು ಸೇರಲು ಬೇಕಾದ ಸುತ್ತುಗಳು. 105ರ ಬಳೆಯಲ್ಲಿ 63ರ ಚಕ್ರ ಉರುಳಿಸಿ: ಮ.ಸಾ.ಅ. 21, ಮೂರೇ ಸುತ್ತಿಗೆ ಐದು ಎಸಳಿನ ಹೂವು. ಅದೇ ಬಳೆಗೆ 52ರ ಚಕ್ರ ಹಾಕಿದರೆ 52 ಸುತ್ತು, 105 ಎಸಳು! 52 ಆಗಲಿ 105 ಆಗಲಿ ಅವಿಭಾಜ್ಯವಲ್ಲ, ಆದರೂ ಅವು ಸಹ ಅವಿಭಾಜ್ಯಗಳು. 2×2×13ಕ್ಕೂ 3×5×7ಕ್ಕೂ 1ನ್ನು ಬಿಟ್ಟರೆ ಸಾಮಾನ್ಯವಾದದ್ದೇನೂ ಇಲ್ಲ. ಮಕ್ಕಳು ಸಾಮಾನ್ಯವಾಗಿ ಎಡವುವುದೇ ಇಲ್ಲಿ. ಈ ಚಿತ್ರವೊಂದು ಸಾಕು ಆ ಗೊಂದಲ ಬಿಡಿಸಲು. 96ರ ಬಳೆಯಲ್ಲಿ 32 ಮತ್ತು 64ರ ಚಕ್ರಗಳನ್ನೂ ತಪ್ಪದೆ ಹೋಲಿಸಿ. ಎರಡಕ್ಕೂ ಮೂರೇ ಎಸಳು, ಆದರೆ ಒಂದಕ್ಕೆ ಒಂದು ಸುತ್ತು, ಇನ್ನೊಂದಕ್ಕೆ ಎರಡು.

ಕೊರತೆಯೂ ಇದೆ. ಹಳೆಯ ಪೂರ್ಣ ಸೆಟ್‌ನ 18 ಚಕ್ರಗಳಲ್ಲಿ 96ಕ್ಕೆ ಸಹ ಅವಿಭಾಜ್ಯವಾದದ್ದು ಒಂದೂ ಇಲ್ಲ. 105ಕ್ಕೆ 32, 52, 64 ಮಾತ್ರ. 96ರ ಬಳೆಗಾಗಿ 35 ಅಥವಾ 55 ಹಲ್ಲಿನ ಒಂದು ಚಕ್ರವಾದರೂ ಇರಬೇಕಿತ್ತು.

ಹಲ್ಲು ಜಾರುವುದು ದೊಡ್ಡ ತಲೆನೋವು. ಒಂದೇ ಒಂದು ಹಲ್ಲು ತಪ್ಪಿದರೂ ಮುಂದಿನ ಗೆರೆಯೆಲ್ಲ ಪಕ್ಕಕ್ಕೆ ಸರಿದು, ಲೆಕ್ಕ ಹಾಕಿದ ಎಸಳಿಗೂ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಪೆನ್ನು ಓರೆಯಾದರೆ ಚಕ್ರ ಮೇಲೇಳುತ್ತದೆ, ಕೈ ಒಳಗೆ ಎಳೆದರೆ ಬಳೆಯಿಂದ ಬಿಡುತ್ತದೆ. ಪೆನ್ನನ್ನು ನೆಟ್ಟಗೆ ಹಿಡಿದು, ಚಕ್ರವನ್ನು ಬಳೆಯ ಕಡೆಗೆ ಮೆತ್ತಗೆ ಒತ್ತುತ್ತಾ ನಿಧಾನವಾಗಿ ತಿರುಗಿಸಬೇಕು. ಕಾಗದದಡಿ ದಪ್ಪ ರಟ್ಟಿಟ್ಟು ಬಳೆಯನ್ನು ಅಲುಗದಂತೆ ಕೂರಿಸಿ. ಸುತ್ತು ಹೆಚ್ಚಾದಷ್ಟೂ ಗೆರೆಗಳು ಒತ್ತಾಗುವುದರಿಂದ ಜೆಲ್ ಪೆನ್ನಿನ ಶಾಯಿ ಕದಡುತ್ತದೆ. ಸಣ್ಣ ಮೊನೆಯ ಬಾಲ್‌ಪೆನ್ನೇ ಸರಿ.

ಸ್ಟೇಷನರಿ ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಪಟ್ಟಿಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಕೊಳ್ಳುವಾಗ ಹಲ್ಲಿನ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಒಂದು ಹಲ್ಲಿಗೆ ಮಾರ್ಕರ್‌ನಿಂದ ಚುಕ್ಕೆಯಿಟ್ಟು ಅಲ್ಲಿಂದ ಎಣಿಸಿ, ಸಿಕ್ಕ ಸಂಖ್ಯೆಯನ್ನು ಚಕ್ರದ ಮೇಲೆ ಬರೆದಿಡಿ.